ಸಿಕ್ಕಿಬಿದ್ದಾಗ ಗೇಮ್ ಏನು ಮಾಡುತ್ತದೆ? ಕೆಲವು ಪುಟ್ಟ ಪಝಲ್ ಗೇಮ್‌ಗಳ ವಿಮರ್ಶೆ

ಪಝಲ್ ಗೇಮ್‌ನ ಯೋಗ್ಯತೆ ಗೊತ್ತಾಗುವುದು ಆಡುವವರು ದಾರಿ ಕಾಣದೆ ಕೂತಾಗ. ಒಗಟು ಬಿಡಿಸಿದ ಖುಷಿ ಎಲ್ಲ ಗೇಮ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯದು. ಸಿಕ್ಕಿಬೀಳುವುದರಲ್ಲಿ ಮಾತ್ರ ಮೂರು ಜಾತಿಯಿದೆ. ಬೇಕಾದ ವಸ್ತು ಕಣ್ಣಿಗೇ ಬಿದ್ದಿರುವುದಿಲ್ಲ, ಇದು ಮೊದಲನೆಯದು. ವಸ್ತು ಕಂಡಿದೆ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿದಿಲ್ಲ, ಇದು ಎರಡನೆಯದು. ಎಲ್ಲ ಕಂಡಿದೆ, ಎಲ್ಲ ತಿಳಿದಿದೆ, ಆದರೂ ಯಾವುದಾದ ಮೇಲೆ ಯಾವುದು ಅನ್ನುವುದು ಹೊಳೆಯುತ್ತಿಲ್ಲ, ಇದು ಮೂರನೆಯದು. ಮೂರನೆಯದಕ್ಕೆಂದೇ ನಾವು ದುಡ್ಡು ಕೊಡುವುದು. ಮೊದಲನೆಯದು ಬರೀ ಕಾಟ. ಕೆಳಗಿನ ಗೇಮ್‌ಗಳನ್ನೆಲ್ಲ ಈ ಒಂದೇ ಲೆಕ್ಕದಲ್ಲಿ ನೋಡಿದ್ದೇನೆ. ಎಲ್ಲವೂ ಸಣ್ಣ ತಂಡಗಳು ಮಾಡಿದವು, ಕೆಲವಂತೂ ಬಹುಪಾಲು ಒಬ್ಬರದೇ ದುಡಿಮೆ.

ಹಳೆಯದರಿಂದ ಶುರು ಮಾಡೋಣ. ಮಶಿನೇರಿಯಂ 2009ರಲ್ಲಿ ಬಂದದ್ದು, ಜೆಕ್ ದೇಶದ ಅಮಾನಿಟಾ ಡಿಸೈನ್ ತಂಡದ್ದು. ಯೊಸೆಫ್ ಎಂಬ ತಗಡಿನ ರೋಬಾಟ್ ಊರಾಚೆಯ ಗುಜರಿ ರಾಶಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿರುತ್ತಾನೆ. ಅವನನ್ನು ಜೋಡಿಸಿ ಊರೊಳಗೆ ಸೇರಿಸಬೇಕು. ಪಾತ್ರಗಳ ನಡುವೆ ಮಾತೇ ಇಲ್ಲ, ಯಾರಿಗೆ ಏನು ಬೇಕು ಅನ್ನುವುದು ತಲೆಯ ಮೇಲಿನ ಗುಳ್ಳೆಯಲ್ಲಿ ಚಿತ್ರವಾಗಿ ಮೂಡುತ್ತದೆ. ಇಂಗ್ಲಿಷ್ ಬಾರದ ಮಗುವೂ ಅಜ್ಜಿಯೂ ಜೊತೆಗೆ ಕೂತು ಆಡಬಹುದಾದ ಗೇಮ್.

ಹೊಸಬರು ಇಲ್ಲಿ ಎಡವುವುದಕ್ಕೆ ಒಂದೇ ಕಾರಣ. ಬೇರೆ ಅಡ್ವೆಂಚರ್ ಗೇಮ್‌ಗಳಲ್ಲಿ ಪರದೆಯ ಯಾವ ಮೂಲೆಯಲ್ಲಿ ಕ್ಲಿಕ್ ಮಾಡಿದರೂ ನಾಯಕ ನಡೆದು ಹೋಗಿ ಅದನ್ನು ಮುಟ್ಟುತ್ತಾನೆ. ಇಲ್ಲಿ ಯೊಸೆಫ್‌ನ ಕೈಗೆ ಎಟುಕುವ ವಸ್ತುವಿನ ಮೇಲೆ ಮಾತ್ರ ಕರ್ಸರ್ ಬದಲಾಗುತ್ತದೆ. ಅದೂ ಅವನ ಎತ್ತರದ ಮೇಲೆ ನಿಂತಿದೆ: ಅವನನ್ನು ಹಿಡಿದು ಮೇಲಕ್ಕೆಳೆದರೆ ಉದ್ದವಾಗುತ್ತಾನೆ, ಕೆಳಕ್ಕೆಳೆದರೆ ಕುಳ್ಳಗಾಗುತ್ತಾನೆ. ಹಾಗಾಗಿ ಹೊಸ ಪರದೆಗೆ ಕಾಲಿಟ್ಟ ಕೂಡಲೇ ಅವನು ನಿಲ್ಲಬಲ್ಲ ಪ್ರತಿ ಜಾಗಕ್ಕೂ ಕರೆದೊಯ್ದು, ಮೂರೂ ಎತ್ತರದಲ್ಲಿ ಸುತ್ತ ಕರ್ಸರ್ ಆಡಿಸಿ ನೋಡಿ. ಇಷ್ಟು ಮಾಡಿದರೆ ‘ಕಣ್ಣಿಗೆ ಬೀಳಲಿಲ್ಲ’ ಜಾತಿಯ ತೊಂದರೆ ಮುಕ್ಕಾಲು ಪಾಲು ಕಳೆಯುತ್ತದೆ. ಸಿಕ್ಕಿದ್ದನ್ನು ಅವನು ಹೊಟ್ಟೆಯೊಳಗೆ ಹಾಕಿಕೊಳ್ಳುತ್ತಾನೆ. ಪರದೆಯ ಮೇಲ್ಗಡೆಯ ಪಟ್ಟಿಯಲ್ಲಿ ಒಂದರ ಮೇಲೊಂದು ಎಳೆದು ಸೇರಿಸಲೂ ಬಹುದು. ಊರಬಾಗಿಲಿನ ಒಗಟು ಇದಕ್ಕೆ ಒಳ್ಳೆಯ ಪಾಠ: ರಸ್ತೆಗೆ ಇಡುವ ಕೋನ್‌ಗೆ ನೀಲಿ ಬಣ್ಣ ಬಳಿದು, ತುದಿಗೆ ಬಲ್ಬ್ ಸಿಕ್ಕಿಸಿದರೆ ಕಾವಲುಗಾರನ ಟೊಪ್ಪಿ ತಯಾರು.

ಸುಳಿವು ಕೊಡುವ ರೀತಿಯಲ್ಲಿ ಮಶಿನೇರಿಯಂ ಇವತ್ತಿಗೂ ಮಾದರಿ. ಬಲ್ಬ್ ಗುರುತನ್ನು ಒತ್ತಿದರೆ ಆ ಪರದೆಯಲ್ಲಿ ಕೊನೆಗೆ ಏನಾಗಬೇಕು ಅನ್ನುವುದು ಒಂದು ಚಿತ್ರದಲ್ಲಿ ಬರುತ್ತದೆ, ಹೇಗೆ ಅನ್ನುವುದು ಬರುವುದಿಲ್ಲ. ಪಕ್ಕದಲ್ಲೊಂದು ಬೀಗ ಹಾಕಿದ ಪುಸ್ತಕ. ಅದರಲ್ಲಿ ಪೂರ್ತಿ ಉತ್ತರ ಚಿತ್ರಕಥೆಯಂತೆ ಬರೆದಿಟ್ಟಿದ್ದಾರೆ. ತೆರೆಯಬೇಕಾದರೆ ಪುಟ್ಟ ಕೀಲಿಕೈಯೊಂದನ್ನು ಹಾರಿಸುತ್ತಾ, ಎದುರಾಗುವ ಜೇಡಗಳನ್ನು ಹೊಡೆಯುತ್ತಾ ಬೀಗದ ತೂತಿನ ತನಕ ಹೋಗಬೇಕು. ಆ ಆಟ ಬೇಕೆಂದೇ ಬೇಸರ ಹಿಡಿಸುವಂತಿದೆ, ಪ್ರತಿ ಸಲವೂ ಆಡಬೇಕು. ಉತ್ತರಕ್ಕೆ ಬೆಲೆ ಇಟ್ಟಿದ್ದಾರೆ, ಆದರೆ ಬಾಗಿಲು ಮುಚ್ಚಿಲ್ಲ. ನೆಟ್‌ನಲ್ಲಿ ಉತ್ತರ ಹುಡುಕುವುದಕ್ಕಿಂತ ‘ಇನ್ನೈದು ನಿಮಿಷ ಯೋಚಿಸೋಣ’ ಅನ್ನಿಸುವಷ್ಟು ಬೆಲೆ.

ದೋಷ ಇಲ್ಲವೆಂದಲ್ಲ. ನಡುವೆ ಕೆಲವು ಒಗಟುಗಳು ಕಥೆಗೆ ಸಂಬಂಧವೇ ಇಲ್ಲದ ಆಟಗಳು. ಬಾರ್‌ನಲ್ಲಿ ಒಬ್ಬ ರೋಬಾಟ್ ಜೊತೆ ಐದನ್ನು ಸಾಲಾಗಿ ಜೋಡಿಸುವ ಆಟ ಗೆಲ್ಲಬೇಕು. ಅಲ್ಲಿ ಪುಸ್ತಕ ತೆರೆದರೂ ಗೆಲುವು ಸಿಗುವುದಿಲ್ಲ, ಗೆಲ್ಲಬೇಕೆಂಬುದಷ್ಟೇ ಗೊತ್ತಾಗುತ್ತದೆ. ಅದಕ್ಕೆ ಉಪಾಯ ಹೀಗೆ: ಎರಡೂ ತುದಿ ಖಾಲಿಯಿರುವ ನಾಲ್ಕರ ಸಾಲನ್ನು ಯಾರೂ ತಡೆಯಲಾರರು, ಒಂದು ತುದಿ ಮುಚ್ಚಿದರೆ ಇನ್ನೊಂದು ಉಳಿದಿರುತ್ತದೆ. ಹಾಗಾಗಿ ಒಂದೇ ಕಾಯಿಯಿಂದ ಅಡ್ಡಕ್ಕೊಂದು, ಓರೆಗೊಂದು, ತುದಿ ತೆರೆದ, ಮೂರು ಕಾಯಿಯ ಎರಡು ಸಾಲು ಏಳುವಂತೆ ಇಟ್ಟುಬಿಡಿ. ಎದುರಾಳಿ ಒಂದನ್ನು ಮುಚ್ಚುವಷ್ಟರಲ್ಲಿ ಇನ್ನೊಂದು ನಾಲ್ಕಾಗಿರುತ್ತದೆ.

ದಿ ರೂಮ್ (2012) ಇಂಗ್ಲೆಂಡಿನ ಗಿಲ್ಡ್‌ಫೋರ್ಡ್‌ನ ಫೈರ್‌ಪ್ರೂಫ್ ಗೇಮ್ಸ್‌ನದು. ಮೊದಲು ಐಪ್ಯಾಡ್‌ಗೆ ಬಂತು, ಬೆರಳಿಗೆಂದೇ ಹುಟ್ಟಿದ್ದು ಅನ್ನುವುದು ಪ್ರತಿ ಕೀಲಿನಲ್ಲೂ ಕಾಣುತ್ತದೆ. ಎದುರಿಗೆ ಒಂದು ಪೆಟ್ಟಿಗೆ, ಅದರ ತುಂಬ ಗುಪ್ತ ಬಾಗಿಲು, ಜಾರು ಹಲಗೆ, ತಿರುಗಣೆ. ಎರಡು ಸಲ ತಟ್ಟಿದರೆ ಹತ್ತಿರ ಹೋಗುತ್ತೀರಿ, ಎರಡು ಬೆರಳು ಕೂಡಿಸಿದರೆ ಹಿಂದೆ ಬರುತ್ತೀರಿ. ಕಂಪ್ಯೂಟರಿನಲ್ಲೂ ಸಿಗುತ್ತದೆ, ಆದರೆ ಮೌಸ್‌ನಲ್ಲಿ ತಿರುಗಣೆ ತಿರುಗಿಸುವಾಗ ಗೇಮ್‌ನ ಅರ್ಧ ಸ್ವಾರಸ್ಯ ಸೋರಿಹೋಗುತ್ತದೆ. ಫೋನ್‌ಗಿಂತ ಟ್ಯಾಬ್ ವಾಸಿ, ಸಣ್ಣ ಪರದೆಯಲ್ಲಿ ಹಿಡಿಯ ಬದಲು ಪೆಟ್ಟಿಗೆಯೇ ತಿರುಗಿಬಿಡುತ್ತದೆ.

ಇದರಲ್ಲಿ ಸಿಕ್ಕಿಬೀಳುವುದು ಬಹುಪಾಲು ಎರಡು ಮರೆವಿನಿಂದ. ಕೈಗೆ ಸಿಕ್ಕಿದ ಕೀಲಿಕೈಯನ್ನು ಹಾಗೇ ಬೀಗಕ್ಕೆ ಹಾಕಲು ಹೋಗುತ್ತಾರೆ. ಅದನ್ನು ಪಟ್ಟಿಯಲ್ಲೇ ತಟ್ಟಿ ದೊಡ್ಡದು ಮಾಡಿ ನೋಡಬೇಕು, ಹಲ್ಲು ತಿರುಗುತ್ತದೆ, ಹಿಡಿ ಮಡಚುತ್ತದೆ. ಇನ್ನೊಂದು, ಕನ್ನಡಕದ ಗಾಜು. ಅದನ್ನು ಹಾಕಿಕೊಂಡರೆ ಬರಿಗಣ್ಣಿಗೆ ಕಾಣದ ಗುರುತುಗಳು ಹೊಳೆಯುತ್ತವೆ, ಒಂದು ಕೋನದಿಂದ ನೋಡಿದಾಗ ಮಾತ್ರ ಚೂರುಗಳು ಕೂಡಿ ಒಂದು ಆಕಾರವಾಗುತ್ತದೆ. ಪೆಟ್ಟಿಗೆಯ ಪ್ರತಿ ಮುಖವನ್ನೂ ಗಾಜು ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡುವುದು ರೂಢಿಯಾಗಲಿ. ಶಬ್ದ ಇಟ್ಟುಕೊಂಡೇ ಆಡಿ. ಎಲ್ಲೋ ಕೀಲು ಬಿಚ್ಚಿಕೊಂಡ ‘ಕ್ಲಕ್’ ಸದ್ದು ಕೇಳಿದರೆ ಹೊಸದೇನೋ ತೆರೆದಿದೆ ಅಂತ.

ಸುಳಿವಿನ ವಿಷಯದಲ್ಲಿ ಮಾತ್ರ ದಿ ರೂಮ್‌ಗೆ ತಾಳ್ಮೆ ಕಡಿಮೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಪ್ರಶ್ನಾರ್ಥಕ ಚಿಹ್ನೆ ಎದ್ದು ನಿಲ್ಲುತ್ತದೆ. ಮೊದಲ ಸುಳಿವು ಸೂಚ್ಯ, ಆಮೇಲಿನವು ಬರಬರುತ್ತಾ ನೇರ ಉತ್ತರವೇ. ಪರೀಕ್ಷೆ ಹಾಲ್‌ನಲ್ಲಿ ಕೇಳದೆಯೇ ಉತ್ತರ ಉಸುರುವ ಪಕ್ಕದ ಬೆಂಚಿನವನ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆಫ್ ಮಾಡಬಹುದು, ಮಾಡಿಬಿಡಿ. ಒಗಟುಗಳೇನೂ ಅಷ್ಟು ಕಠಿಣವಲ್ಲ. ಸರಣಿಯಲ್ಲಿ ನನ್ನ ಆಯ್ಕೆ 2018ರ ಓಲ್ಡ್ ಸಿನ್ಸ್. ಇಡೀ ಗೇಮ್ ಒಂದು ಗೊಂಬೆಮನೆಯೊಳಗೆ ನಡೆಯುತ್ತದೆ, ಒಂದು ಕೋಣೆಯಲ್ಲಿ ಸಿಕ್ಕಿದ್ದು ಇನ್ನೊಂದು ಕೋಣೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಸರಣಿಯ ಮೂರನೆಯ ಗೇಮ್ (2015) ದೊಡ್ಡದು ನಿಜ, ಆದರೆ ಬೇರೆಬೇರೆ ಅಂತ್ಯಗಳಿಗಾಗಿ ನೋಡಿದ ಜಾಗಗಳನ್ನೇ ಮತ್ತೆ ತಡಕಾಡಿಸುತ್ತದೆ.

ಮಾನ್ಯುಮೆಂಟ್ ವ್ಯಾಲಿಯನ್ನೂ (2014) ಇಲ್ಲಿ ಹೆಸರಿಸಬೇಕಿತ್ತು, ಹೆಸರಿಸಿದೆ. 10 ಅಧ್ಯಾಯ, ನೋಡಲು ಸೊಗಸು, ಸಿಕ್ಕಿಬೀಳುವ ಅವಕಾಶವನ್ನೇ ಅದು ಕೊಡುವುದಿಲ್ಲ.

ಇನ್ನು ಬಾಬಾ ಈಸ್ ಯೂ. ಫಿನ್ಲೆಂಡಿನ ಆರ್ವಿ ತೈಕಾರಿ ಇದರ ಮೊದಲ ರೂಪವನ್ನು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ (ಕೆಲವೇ ದಿನಗಳಲ್ಲಿ ಗೇಮ್ ಕಟ್ಟುವ ಕೂಟ) ಮಾಡಿದರು, ಪೂರ್ತಿ ಗೇಮ್ 2019ರಲ್ಲಿ ಬಂತು. 200ಕ್ಕೂ ಹೆಚ್ಚು ಲೆವೆಲ್. ಮೇಲ್ನೋಟಕ್ಕೆ 1980ರ ದಶಕದ ಸೊಕೊಬಾನ್‌ನಂತೆ ಚೌಕಗಳನ್ನು ತಳ್ಳುವ ಆಟ. ವ್ಯತ್ಯಾಸ ಏನೆಂದರೆ, ಗೇಮ್‌ನ ನಿಯಮಗಳೇ ಪದಗಳ ಚೌಕಗಳಾಗಿ ನೆಲದ ಮೇಲೆ ಬಿದ್ದಿರುತ್ತವೆ. ‘ವಾಲ್’, ‘ಈಸ್’, ‘ಸ್ಟಾಪ್’ ಸಾಲಾಗಿ ಕೂತಿದ್ದರೆ ಗೋಡೆ ತಡೆಯುತ್ತದೆ. ಒಂದನ್ನು ಪಕ್ಕಕ್ಕೆ ತಳ್ಳಿದಿರೋ, ಗೋಡೆಯೊಳಗೇ ನಡೆದು ಹೋಗಬಹುದು. ‘ರಾಕ್ ಈಸ್ ಯೂ’ ಅಂತ ಜೋಡಿಸಿದರೆ ನೀವು ಕಲ್ಲಾಗುತ್ತೀರಿ. ಎಡದಿಂದ ಬಲಕ್ಕೆ ಅಥವಾ ಮೇಲಿನಿಂದ ಕೆಳಕ್ಕೆ ಓದುವಂತಿದ್ದರೆ ಮಾತ್ರ ನಿಯಮ ಜಾರಿ. ಸೊಕೊಬಾನ್‌ನಲ್ಲಿ ಒಂದು ಸಲಕ್ಕೆ ಒಂದೇ ಪೆಟ್ಟಿಗೆ ತಳ್ಳಬಹುದು, ಇಲ್ಲಿ ಸಾಲಿಗೆ ಸಾಲೇ ಮುಂದೆ ಹೋಗುತ್ತದೆ. ಎಳೆಯಲು ಮಾತ್ರ ಎರಡರಲ್ಲೂ ಬರುವುದಿಲ್ಲ, ಆದ್ದರಿಂದ ಅಂಚಿಗೆ ತಾಗಿದ ಪದ ಅಂಚಿನುದ್ದಕ್ಕೆ ಮಾತ್ರ ಸರಿಯುತ್ತದೆ, ಮೂಲೆಗೆ ಬಿದ್ದದ್ದು ಸಾಮಾನ್ಯವಾಗಿ ಅಲ್ಲೇ.

ಈ ಕೊನೆಯ ಮಾತಿನಲ್ಲೇ ಲೆವೆಲ್ ಓದುವ ವಿಧಾನ ಅಡಗಿದೆ. ಆಟ ತೆರೆದ ತಕ್ಷಣ ಓಡಾಡಬೇಡಿ. ಮೂಲೆಯಲ್ಲೋ ಅಂಚಿಗಂಟಿಕೊಂಡೋ ಇರುವ ವಾಕ್ಯಗಳನ್ನು ಮೊದಲು ಗುರುತಿಸಿ. ಅವನ್ನು ಮುರಿಯಲಾಗದು, ಮುರಿಯಬಾರದೆಂದೇ ಅಲ್ಲಿಟ್ಟಿದ್ದಾರೆ. ಆಮೇಲೆ ಕೈಗೆ ಸಿಗುವ ‘ಈಸ್’ ಎಷ್ಟಿವೆ ಎಣಿಸಿ. ಒಂದು ‘ಈಸ್’ಗೆ ಒಂದು ನಿಯಮ, ಅಂದರೆ ಅದೇ ನಿಮ್ಮ ಬಂಡವಾಳ. ಒಂದೇ ‘ಈಸ್’ ಅಡ್ಡಕ್ಕೂ ಉದ್ದಕ್ಕೂ ಸೇರಿ ಎರಡು ನಿಯಮ ಕಟ್ಟಬಲ್ಲದು ಅನ್ನುವುದನ್ನು ಮರೆಯಬೇಡಿ, ಎಷ್ಟೋ ಲೆವೆಲ್‌ಗಳ ಗುಟ್ಟು ಇಷ್ಟೇ. ಮೂರನೆಯದಾಗಿ, ಯಾವ ವಸ್ತುವನ್ನು ಮುಟ್ಟಿದರೆ ಗೆಲುವು ಅನ್ನುವುದನ್ನು ಗೊತ್ತುಮಾಡುವ ‘ವಿನ್’ ಪದ ಎಲ್ಲಿದೆ ನೋಡಿ. ಅದನ್ನು ಸರಿಸಲಾಗದಿದ್ದರೆ ಅದರ ಎದುರಿಗೆ ಯಾವ ಹೆಸರು ಬರಬಹುದು, ಆ ವಸ್ತುವಿನ ತನಕ ಯಾರು ಮುಟ್ಟಬಹುದು ಅಂತ ಹಿಂದಿನಿಂದ ಮುಂದಕ್ಕೆ ಯೋಚಿಸಿ. ‘ಯೂ’ ಆಗಿರುವ ವಸ್ತುವೇ ‘ವಿನ್’ ಕೂಡ ಆದರೆ ಹೆಜ್ಜೆಯೂ ಇಡದೆ ಗೆಲುವು.

ತಪ್ಪಿಗೆ ಇಲ್ಲಿ ದಂಡವಿಲ್ಲ. ಝೆಡ್ ಒತ್ತಿ ಹಿಡಿದರೆ ಲೆವೆಲ್‌ನ ಮೊದಲ ಹೆಜ್ಜೆಯ ತನಕ ಹಿಂದೆ ಸರಿಯಬಹುದು, ಆರ್ ಒತ್ತಿದರೆ ಹೊಸದಾಗಿ ಶುರು. ‘ಯೂ’ ಅನ್ನೇ ಮುರಿದುಕೊಂಡರೆ ಸಂಗೀತ ನಿಂತುಹೋಗುತ್ತದೆ, ಆಡುವವರೇ ಇಲ್ಲವಲ್ಲ. ಗೇಮ್‌ನೊಳಗೆ ಸುಳಿವೇ ಇಲ್ಲದಿರುವುದನ್ನು ಕೆಲವರು ಕೊರತೆ ಅನ್ನುತ್ತಾರೆ. ನನಗೆ ಹಾಗನ್ನಿಸದು. ಒಂದು ವಲಯದಲ್ಲಿ ಇಷ್ಟು ಲೆವೆಲ್ ಬಿಡಿಸಿದರೆ ಮುಂದಿನದು ತೆರೆಯುತ್ತದೆ, ಎಲ್ಲವನ್ನೂ ಬಿಡಿಸಬೇಕಿಲ್ಲ. ತಲೆ ಓಡದಿದ್ದರೆ ಪಕ್ಕದ ಲೆವೆಲ್‌ಗೆ ಹೋಗಿ, ಅಲ್ಲಿ ಕಲಿತದ್ದು ಇಲ್ಲಿನ ಗಂಟು ಬಿಚ್ಚುತ್ತದೆ. ನಿಜವಾದ ಕೊರತೆ ಕೊನೆಯ ವಲಯಗಳಲ್ಲಿದೆ. ‘ಶಿಫ್ಟ್’, ‘ಟೆಲಿ’, ‘ಎಂಪ್ಟಿ’, ‘ಲೆವೆಲ್’ ಮುಂತಾದ ಪದಗಳು ಬಂದ ಮೇಲೆ ಒಂದೇ ಹೆಜ್ಜೆಯಲ್ಲಿ ಯಾವ ನಿಯಮ ಮೊದಲು ನಡೆಯುತ್ತದೆ, ಯಾವುದು ಆಮೇಲೆ ಅನ್ನುವುದು ಮುಖ್ಯವಾಗುತ್ತದೆ. ಅದನ್ನು ಗೇಮ್ ಎಲ್ಲೂ ಹೇಳುವುದಿಲ್ಲ. ಅಲ್ಲಿಯ ತನಕ ತರ್ಕದಿಂದ ಬಿಡಿಸುತ್ತಿದ್ದವರು ಅಲ್ಲಿಂದ ಮುಂದೆ ಮಾಡಿ ನೋಡಿ ಕಲಿಯಬೇಕು. ಮೂರನೆಯ ಜಾತಿಯಿಂದ ಎರಡನೆಯದಕ್ಕೆ ಇಳಿದ ಹಾಗೆ.

ತಳ್ಳುವ ಆಟವೇ ಬೇಕು, ಇಷ್ಟು ತಲೆಬಿಸಿ ಬೇಡ ಅನ್ನುವವರಿಗೆ ಎ ಮಾನ್‌ಸ್ಟರ್ಸ್ ಎಕ್ಸ್‌ಪೆಡಿಷನ್ (2020) ಇದೆ. ಮರ ತಳ್ಳಿದರೆ ಆಚೆ ಬೀಳುತ್ತದೆ. ಬಿದ್ದ ದಿಮ್ಮಿಯನ್ನು ಪಕ್ಕದಿಂದ ತಳ್ಳಿದರೆ ಅಡ್ಡ ಬರುವ ತನಕ ಉರುಳುತ್ತದೆ, ತುದಿಯಿಂದ ತಳ್ಳಿದರೆ ಎದ್ದು ನಿಲ್ಲುತ್ತದೆ. ನೀರಿಗೆ ಬಿದ್ದರೆ ಸೇತುವೆ. ಇಷ್ಟೇ ನಿಯಮದಿಂದ ನೂರಾರು ದ್ವೀಪ ಕಟ್ಟಿದ್ದಾರೆ. ರೀಸೆಟ್ ಮಾಡಿದರೆ ಮರಗಳು ಮತ್ತೆ ಎದ್ದು ನಿಲ್ಲುತ್ತವೆ, ಅಂಚೆ ಡಬ್ಬಿಗಳ ಮೂಲಕ ದೂರದ ದ್ವೀಪಕ್ಕೆ ಹಾರಬಹುದು. ತೊಂದರೆ ಒಂದೇ: ಎದುರಿನ ದ್ವೀಪ ಮುಖ್ಯ ದಾರಿಯದೋ, ಹಟಮಾರಿಗಳಿಗೆಂದು ಬಿಟ್ಟ ಕವಲೋ ಗೊತ್ತಾಗುವುದಿಲ್ಲ. ಒಂದು ದ್ವೀಪದ ದಿಮ್ಮಿಯನ್ನು ಇನ್ನೊಂದಕ್ಕೆ ಸಾಗಿಸಬೇಕಾದ ಒಗಟುಗಳಲ್ಲಿ ಇದು ವಿಪರೀತ ಕಾಡುತ್ತದೆ. ಕಾಲು ಗಂಟೆಯಲ್ಲಿ ಆಗದಿದ್ದರೆ ಬೇರೆ ದಿಕ್ಕು ಹಿಡಿಯಿರಿ.

ಗೊರೊಗೋವಾ (2017) ಜೇಸನ್ ರಾಬರ್ಟ್ಸ್ ಎಂಬ ಒಬ್ಬರೇ ವರ್ಷಗಟ್ಟಲೆ ಕೂತು ಕೈಯಿಂದ ಬಿಡಿಸಿದ ಚಿತ್ರಗಳ ಗೇಮ್. ಪರದೆಯಲ್ಲಿ ನಾಲ್ಕು ಮನೆ, ಮೇಲೆರಡು ಕೆಳಗೆರಡು. ಚಿತ್ರದೊಳಗೆ ಹೋಗಬಹುದು, ಹೊರಗೆ ಬರಬಹುದು, ಚಿತ್ರವನ್ನೇ ಎತ್ತಿ ಬೇರೆ ಮನೆಗೆ ಇಡಬಹುದು. ಕಿಟಕಿ, ಬಾಗಿಲು, ಕಮಾನು ಇದ್ದ ಕಡೆ ಚೌಕಟ್ಟು ಮಾತ್ರ ಕಳಚಿಕೊಂಡು ಬಂದು, ಹಿಂದಿನ ದೃಶ್ಯ ಅಲ್ಲೇ ಉಳಿಯುತ್ತದೆ. ಮಾತಿಲ್ಲ, ಅಕ್ಷರವಿಲ್ಲ. ದಾರಿ ಕಾಣದಾಗ ಕಥೆ ಯೋಚಿಸಬೇಡಿ, ಆಕಾರ ನೋಡಿ: ದುಂಡಗಿನದಕ್ಕೆ ದುಂಡಗಿನದು, ಅಂಚಿನಲ್ಲಿ ಕತ್ತರಿಸಿದ ರಸ್ತೆಗೆ ಇನ್ನೊಂದು ಅಂಚಿನ ರಸ್ತೆ. ಚಿತ್ರ ಚಲಿಸುತ್ತಿರುವಾಗಲೇ ಹೊಂದಿಸಬೇಕಾದ ಒಂದೆರಡು ಜಾಗ ಮಾತ್ರ ಉಳಿದ ಗೇಮ್‌ನ ನಿಧಾನಕ್ಕೆ ಒಗ್ಗುವುದಿಲ್ಲ. ಎರಡು ಗಂಟೆಯ ಸುಮಾರಿಗೆ ಮುಗಿಯುತ್ತದೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದೆಂಬ ನಿಯಮವಿದೆ. ಇಡೀ ಗೇಮ್ ಮುಗಿಸಿ ಈ ನಿಯಮ ತೋರಿಸುವವರಿಗೆ ಏನು ಹೇಳುವುದು?

ಪತ್ತೇದಾರಿ ಬಗೆಯವು ಎರಡು, ಒಟ್ಟಿಗೇ ನೋಡಬೇಕಾದವು. ರಿಟರ್ನ್ ಆಫ್ ದಿ ಓಬ್ರಾ ಡಿನ್ (2018) ಲೂಕಸ್ ಪೋಪ್ ಅವರದು. 1803ರಲ್ಲಿ ಕಣ್ಮರೆಯಾದ ಹಡಗು 1807ರಲ್ಲಿ ಜನರಿಲ್ಲದೆ ವಾಪಸ್ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯ ವಿಮಾ ಅಧಿಕಾರಿಯಾಗಿ, ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಹೇಗೆ ಸತ್ತರು, ಯಾರಿಂದ ಸತ್ತರು ಅನ್ನುವುದನ್ನು ನೀವು ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲಿರುವ ಗಡಿಯಾರ ಹೆಣದ ಬಳಿ ತೆರೆದರೆ ಆ ಸಾವಿನ ಕ್ಷಣ ಕಲ್ಲಾಗಿ ನಿಂತಂತೆ ಕಾಣುತ್ತದೆ, ಒಳಗೆ ಓಡಾಡಿ ನೋಡಬಹುದು. ಸಿಬ್ಬಂದಿ ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ. ಪಟ್ಟಿಯಲ್ಲಿರುವ ಊರು, ಕೆಲಸ, ಮಾತಿನ ಧಾಟಿ, ಯಾರು ಯಾರ ಜೊತೆ ನಿಂತಿದ್ದಾರೆ ಅನ್ನುವುದೇ ಸಾಕ್ಷ್ಯ.

ಇದರ ಜಾಣತನ ಎರಡು ಕಡೆ. ಮೂವರ ಗತಿ ಸರಿಯಾಗಿ ತುಂಬಿದಾಗ ಮಾತ್ರ ಗೇಮ್ ಸರಿಯೆಂದು ಒಪ್ಪುತ್ತದೆ, ಒಬ್ಬೊಬ್ಬರನ್ನೇ ಊಹಿಸಿ ಪಾಸಾಗಲು ಬಿಡುವುದಿಲ್ಲ. ಇನ್ನೊಂದು ಅದಕ್ಕಿಂತ ಸೊಗಸು: ಒಬ್ಬನನ್ನು ಗುರುತಿಸಲು ಸಾಕಾಗುವಷ್ಟು ಮಾಹಿತಿ ನಿಮ್ಮ ಕಣ್ಣಿಗೆ ಬಿದ್ದಿಲ್ಲವಾದರೆ ಅವನ ಮುಖ ಪುಸ್ತಕದಲ್ಲಿ ಮಸುಕಾಗಿರುತ್ತದೆ. ಮುಖ ಸ್ಪಷ್ಟವಾಯಿತೆಂದರೆ ಬೇಕಾದ್ದು ಸಿಕ್ಕಿದೆ, ಇನ್ನು ಯೋಚಿಸುವುದೇ ಬಾಕಿ ಎಂದರ್ಥ. ಪಕ್ಕದ ತ್ರಿಕೋನಗಳು ಎಷ್ಟು ಕಷ್ಟ ಅನ್ನುವುದನ್ನೂ ಹೇಳುತ್ತವೆ, ಒಂದು ತ್ರಿಕೋನದವರಿಂದ ಶುರು ಮಾಡಿ. ಯಾವ ಜಾತಿಯ ಬಿಕ್ಕಟ್ಟಿನಲ್ಲಿದ್ದೀರಿ ಅಂತ ಇಷ್ಟು ಖಚಿತವಾಗಿ ತಿಳಿಸುವ ಗೇಮ್ ಇನ್ನೊಂದನ್ನು ನಾನು ಕಂಡಿಲ್ಲ. ಬಿರುಕು ಇಲ್ಲದಿಲ್ಲ: ಖಚಿತವಾಗಿ ಗೊತ್ತಿರುವ ಇಬ್ಬರನ್ನು ಕಾದಿಟ್ಟುಕೊಂಡು ಮೂರನೆಯವನ ಹೆಸರನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ ಮೋಸದಿಂದ ಗೆಲ್ಲಬಹುದು. ಚುಕ್ಕಿಚುಕ್ಕಿಯ ಎರಡೇ ಬಣ್ಣದ ಚಿತ್ರ ಕೆಲವರಿಗೆ ತಲೆನೋವು ತರುತ್ತದೆ. ಹಳೆಯ ಮಾನಿಟರುಗಳ ಬೇರೆಬೇರೆ ಬಣ್ಣ ಸೆಟ್ಟಿಂಗ್ಸ್‌ನಲ್ಲಿವೆ, ಕಣ್ಣಿಗೆ ಹಿತವಾದದ್ದನ್ನು ಆರಿಸಿಕೊಳ್ಳಿ.

ಲಾಟ್ವಿಯಾದ ಇಬ್ಬರು ಸೋದರರು ಕಟ್ಟಿದ ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್ (2022) ಓಬ್ರಾ ಡಿನ್‌ನ ದಾರಿಯಲ್ಲೇ ನಡೆದು, ದಾರಿಯನ್ನು ತುಸು ಸುಗಮ ಮಾಡಿದೆ. 18ನೇ ಶತಮಾನದ ಒಂದೊಂದು ಸಾವಿನ ದೃಶ್ಯ. ಜನರ ಜೇಬು, ಕಾಗದ, ಕಪಾಟು ನೋಡಿ ಪದಗಳನ್ನು ಆಯ್ದುಕೊಂಡು, ಏನಾಯಿತೆಂಬ ವಾಕ್ಯದ ಬಿಟ್ಟ ಸ್ಥಳ ತುಂಬಬೇಕು. ಎಲ್ಲ ತುಂಬಿದ ಮೇಲೆ ತಪ್ಪು ಎರಡು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟನ್ನು ಹೇಳುತ್ತದೆ, ಯಾವುದು ಅಂತ ಹೇಳುವುದಿಲ್ಲ. ಹೆಸರುಗಳನ್ನು ಹೊಂದಿಸುವ ಬದಿಯ ಪಟ್ಟಿಯನ್ನು ಮೊದಲು ಮುಗಿಸಿ, ದೊಡ್ಡ ವಾಕ್ಯಕ್ಕೆ ಆಮೇಲೆ ಬನ್ನಿ. ವ್ಯಾಕರಣ ನೋಡಿ ಪದ ತುರುಕುವ ಚಾಳಿ ಇಲ್ಲಿ ಬೇಗ ಅಂಟಿಕೊಳ್ಳುತ್ತದೆ, ಅದೇ ಈ ಗೇಮ್‌ನ ದೌರ್ಬಲ್ಯ. ಎರಡಕ್ಕೂ ಇಂಗ್ಲಿಷನ್ನು ಸಲೀಸಾಗಿ ಓದುವ ಅಭ್ಯಾಸ ಬೇಕು, ಐಡಲ್‌ಗೆ ಇನ್ನೂ ಹೆಚ್ಚು, ಹಳೆಯ ಕಾಲದ ಪತ್ರಗಳೇ ಅದರ ತುಂಬ. ಒಂದನ್ನೇ ಕೊಳ್ಳುವುದಾದರೆ ಓಬ್ರಾ ಡಿನ್. 1970ರ ದಶಕಕ್ಕೆ ಜಿಗಿದ ಐಡಲ್‌ನ ಮುಂದಿನ ಭಾಗ 2024ರಲ್ಲಿ ಬಂದಿದೆ.

ಆಮ್‌ಸ್ಟರ್‌ಡ್ಯಾಮ್‌ನ ರಸ್ಟಿ ಲೇಕ್ ತಂಡ 2015ರಿಂದ ಕ್ಯೂಬ್ ಎಸ್ಕೇಪ್ ಹೆಸರಿನಲ್ಲಿ ಪುಕ್ಕಟೆ ಗೇಮ್‌ಗಳನ್ನೂ, ಅದೇ ಲೋಕದ ದುಡ್ಡಿನ ಗೇಮ್‌ಗಳನ್ನೂ ಬಿಡುತ್ತಾ ಬಂದಿದೆ. ವಿಚಿತ್ರ, ಕರಾಳ, ಅಲ್ಲಲ್ಲಿ ರಕ್ತ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ನನ್ನ ಲೆಕ್ಕದಲ್ಲಿ ಇವು ಮೊದಲ ಜಾತಿಯ ಕಾಟದವು. ಒಂದು ಘಟನೆ ನಡೆದ ಮೇಲೆ ಈಗಾಗಲೇ ನೋಡಿದ ಡ್ರಾಯರ್‌ನಲ್ಲಿ ಹೊಸದೇನೋ ಬಂದಿರುತ್ತದೆ, ಗೋಡೆಯ ಚಿತ್ರ ಬದಲಾಗಿರುತ್ತದೆ. ಕೋಣೆಯಲ್ಲಿ ಏನೇ ಬದಲಾದರೂ ನಾಲ್ಕೂ ಗೋಡೆ ಮತ್ತೆ ಸುತ್ತುವುದು ಬಿಟ್ಟು ಬೇರೆ ದಾರಿಯಿಲ್ಲ. 33 ಲೆವೆಲ್‌ಗಳ ರೂಟ್ಸ್ (2016) ಇದಕ್ಕೆ ಅಪವಾದ. ಒಂದೊಂದು ಲೆವೆಲ್ ಒಂದು ಪುಟ್ಟ ದೃಶ್ಯವಾದ್ದರಿಂದ ಹುಡುಕುವ ಜಾಗ ಚಿಕ್ಕದು.

ಇದೇ ತಂಡದ ದಿ ಪಾಸ್ಟ್ ವಿದಿನ್ (2022) ಬೇರೆಯೇ ಲೆಕ್ಕ. ಇಬ್ಬರೇ ಆಡಬೇಕು, ಒಬ್ಬರಿಂದ ಆಗದು. ಒಬ್ಬರು ಭೂತಕಾಲದಲ್ಲಿ, ಇನ್ನೊಬ್ಬರು ಭವಿಷ್ಯದಲ್ಲಿ. ಇವರ ಪರದೆಯಲ್ಲಿ ಇರುವ ಸುಳಿವು ಅವರ ಬೀಗಕ್ಕೆ. ಎರಡು ಗೇಮ್‌ಗಳ ನಡುವೆ ನೆಟ್ ಸಂಪರ್ಕವೇ ಇಲ್ಲ, ಮಾತೇ ಸಂಪರ್ಕ. ಆದ್ದರಿಂದ ಒಬ್ಬರು ಫೋನ್‌ನಲ್ಲಿ, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಆಡಿದರೂ ನಡೆಯುತ್ತದೆ. ಅಮೆರಿಕದಲ್ಲಿರುವ ತಂಗಿಯೂ ಮೈಸೂರಿನಲ್ಲಿರುವ ಅಣ್ಣನೂ ಕನ್ನಡದಲ್ಲೇ ಮಾತಾಡಿಕೊಂಡು ಮುಗಿಸಬಹುದು. ವೀಡಿಯೊ ಕಾಲ್ ಬೇಡ, ಬರೀ ದನಿ ಸಾಕು, ಪರದೆ ತೋರಿಸಿದರೆ ಒಗಟೇ ಉಳಿಯುವುದಿಲ್ಲ. ಕಾಗದ ಪೆನ್ಸಿಲ್ ಹತ್ತಿರವಿರಲಿ. ಚಿಹ್ನೆಗಳನ್ನು ಹೇಳುವಾಗ ‘ಕೊಂಬಿನ ಥರ’, ‘ಹಾವಿನ ಥರ’ ಅನ್ನುವ ಬದಲು ಗೆರೆ ಎಷ್ಟು, ತೆರೆದ ಬದಿ ಎಡಕ್ಕೋ ಬಲಕ್ಕೋ ಅಂತ ಹೇಳಿ, ಅರ್ಧ ಜಗಳ ತಪ್ಪುತ್ತದೆ. ಸುಮಾರು ಎರಡು ಗಂಟೆಯ ಆಟ. ಮುಗಿದ ಮೇಲೆ ಜಾಗ ಬದಲಿಸಿಕೊಂಡು ಬೇರೆ ಉತ್ತರಗಳೊಂದಿಗೆ ಮತ್ತೊಮ್ಮೆ ಆಡಬಹುದು. ಇಬ್ಬರ ಬಳಿಯೂ ಗೇಮ್ ಇರಬೇಕು, ಒಂದನ್ನೇ ಕೊಂಡು ಹಂಚಿಕೊಳ್ಳೋಣವೆಂದರೆ ಆಗುವುದಿಲ್ಲ.